ಸಿಲಿಕಾನ್, ಜರ್ಮೇನಿಯಂ, ಎಲ್‌ಇಡಿ: ಒಂದೇ ಡಿಸ್ಟಾರ್ಷನ್ ಪೆಡಲ್‌ಗೆ ಮೂರನ್ನೂ ಹಾಕಿ ಕೇಳಿದಾಗ

ಗಿಟಾರ್ ದನಿಯನ್ನು ಒರಟಾಗಿಸುವ ಡಿಸ್ಟಾರ್ಷನ್ ಪೆಡಲ್‌ನಲ್ಲಿ ಅಲೆಯ ತಲೆ ಕತ್ತರಿಸುವ ಡಯೋಡ್ ಬದಲಿಸಿದರೆ ದನಿಯೇ ಬೇರೆ ಎನ್ನುವುದು ಅರ್ಧ ನಿಜ. ಪರೀಕ್ಷೆಗೆ ಹಳೆಯ ಎಂಎಕ್ಸ್‌ಆರ್ ಡಿಸ್ಟಾರ್ಷನ್ ಪ್ಲಸ್ ಸರ್ಕ್ಯೂಟ್ ಸಾಕು. ಸಿಗ್ನಲ್ ಹಿಗ್ಗಿಸಲು ಒಂದು 741 ಐಸಿ, ಫೀಡ್‌ಬ್ಯಾಕ್‌ಗೆ 1 ಮೆಗಾಓಮ್. ಗೇನ್ (ಸಿಗ್ನಲ್ ಎಷ್ಟು ಪಟ್ಟು ಹಿಗ್ಗಬೇಕು ಎಂಬುದು) ಕಡೆ 500ಕೆ ಪಾಟ್ (ತಿರುಗಿಸಿ ಬದಲಿಸುವ ರೆಸಿಸ್ಟರ್), 4.7ಕೆ ರೆಸಿಸ್ಟರ್, 47 ನ್ಯಾನೋಫ್ಯಾರಡ್ ಕೆಪಾಸಿಟರ್ ಸಾಲಾಗಿ ಗ್ರೌಂಡ್‌ಗೆ. ಔಟ್‌ಪುಟ್‌ನಲ್ಲಿ 1 ಮೈಕ್ರೋಫ್ಯಾರಡ್, 10ಕೆ ದಾಟಿದ ಮೇಲೆ ಗ್ರೌಂಡ್‌ಗೆ ತಿರುಗುಮುರುಗಾಗಿ ಎರಡು ಡಯೋಡ್, ಜೊತೆಗೆ 1 ನ್ಯಾನೋಫ್ಯಾರಡ್. ಡಿಒಡಿ ಕಂಪನಿಯ 250 ಪೆಡಲ್ ಕೂಡ ಹೆಚ್ಚುಕಡಿಮೆ ಇದೇ. ಎಂಎಕ್ಸ್‌ಆರ್‌ನಲ್ಲಿ ಜರ್ಮೇನಿಯಂ, ಡಿಒಡಿಯಲ್ಲಿ ಸಿಲಿಕಾನ್.

ಡಾಟ್ ಬೋರ್ಡ್ ಮೇಲೆ ಐಸಿಗೆ 8 ಪಿನ್ ಬೇಸ್, ಡಯೋಡ್‌ಗಳ ಜಾಗಕ್ಕೆ ಫೀಮೇಲ್ ಬರ್ಗ್ ಸ್ಟ್ರಿಪ್ ಬೆಸುಗೆ ಹಾಕಿಬಿಟ್ಟರೆ ಎಲ್ಲವನ್ನೂ ಸೆಕೆಂಡುಗಳಲ್ಲಿ ಬದಲಿಸಬಹುದು. ಇವೆಲ್ಲ ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಒಂದೇ ಸುತ್ತಿನಲ್ಲಿ ಸಿಗುತ್ತವೆ.

ಸಿಲಿಕಾನ್ ಜೋಡಿ, ಅಂದರೆ 1ಎನ್4148, ಸುಮಾರು 0.6 ವೋಲ್ಟ್‌ಗೆ ಅಲೆಯ ತಲೆ ಕತ್ತರಿಸುತ್ತದೆ. ಜರ್ಮೇನಿಯಂ 0.3ರ ಆಸುಪಾಸಿನಲ್ಲೇ ಶುರು ಮಾಡುತ್ತದೆ, ಹಾಗಾಗಿ ಔಟ್‌ಪುಟ್ ಅರ್ಧಕ್ಕೆ, 6 ಡೆಸಿಬೆಲ್ ಕೆಳಗೆ. ಕೆಂಪು ಎಲ್‌ಇಡಿಗೆ 1.7 ವೋಲ್ಟ್ ಬೇಕು, ಸಿಲಿಕಾನ್‌ಗಿಂತ 9 ಡೆಸಿಬೆಲ್ ಜೋರು. ಎಡವುವುದು ಇಲ್ಲೇ: ಜೋರಾಗಿ ಕೇಳಿದ್ದು ಕಿವಿಗೆ ಚೆನ್ನಾಗಿಯೇ ಕೇಳುತ್ತದೆ. ಪ್ರತಿ ಸಲ ವಾಲ್ಯೂಮ್ ಸರಿದೂಗಿಸಿ ನುಡಿಸಿದರೆ ಜರ್ಮೇನಿಯಂಗೂ ಸಿಲಿಕಾನ್‌ಗೂ ಉಳಿಯುವ ಅಂತರ ಸಣ್ಣದು. ಜರ್ಮೇನಿಯಂನಲ್ಲಿ ಅಂಚು ತುಸು ಮೆತ್ತಗೆ, ಸ್ವರ ಆರುವಾಗ ಒರಟು ಕಮ್ಮಿ, ಅಷ್ಟೇ. ಎಲ್‌ಇಡಿಯ ಗುಣ ಮಾತ್ರ ನಿಜಕ್ಕೂ ಬೇರೆ: ಪಿಕ್ ತಾಗಿದ ಏಟು ಉಳಿಯುತ್ತದೆ, ಡ್ರಮ್ಸ್ ಜೊತೆ ನುಡಿಸಿದರೂ ಗಿಟಾರ್ ಮುಳುಗುವುದಿಲ್ಲ. ನೀಲಿ ಎಲ್‌ಇಡಿ ಅಲಂಕಾರಕ್ಕಷ್ಟೇ. ಅದಕ್ಕೆ 3 ವೋಲ್ಟ್ ಬೇಕು. 9 ವೋಲ್ಟ್ ಬ್ಯಾಟರಿಯಲ್ಲಿ 741 ಅಷ್ಟು ಏರುವ ಮೊದಲೇ ತಾನೇ ಕತ್ತರಿಸಿಕೊಳ್ಳುತ್ತದೆ, ಡಯೋಡ್ ಕಿತ್ತುಹಾಕಿದಂತೆಯೇ.

ಜಾಲಹಳ್ಳಿಯ ಬಿಇಎಲ್ 1960ರ ದಶಕದಲ್ಲಿ ಜರ್ಮೇನಿಯಂ ಬಿಡಿಭಾಗ ತಯಾರಿಸುತ್ತಿತ್ತು. ಈಗ 1ಎನ್34ಎ (ಜರ್ಮೇನಿಯಂ ಡಯೋಡ್) ಎಂದು ಕೈಗಿಡುವ ಗಾಜಿನ ಡಯೋಡ್‌ಗಳನ್ನು ಮಲ್ಟಿಮೀಟರ್‌ನಲ್ಲಿ ನೋಡದೆ ಕೊಳ್ಳಬಾರದು. ಡಯೋಡ್ ರೇಂಜ್‌ನಲ್ಲಿ 0.6 ತೋರಿಸಿದರೆ ಅದು ಸಿಲಿಕಾನ್. 0.3 ತೋರಿಸಿದರೂ ಶಾಟ್ಕಿ ಎಂಬ ಬೇರೆ ಬಗೆಯ ಡಯೋಡ್ ಇರಬಹುದು. ನಿಜವಾದದ್ದೇ ಸಿಕ್ಕರೆ ಬೆಸುಗೆ ಹಾಕುವಾಗ ಕಾಲನ್ನು ನೋಸ್ ಪ್ಲೈಯರ್‌ನಲ್ಲಿ ಹಿಡಿಯಿರಿ, ಬಿಸಿ ತಡೆಯದು. ಇಷ್ಟು ಹುಡುಕಾಟಕ್ಕೆ ತಕ್ಕ ಫಲ ಇದೆಯೇ? ನಮ್ಮ ಮಟ್ಟಿಗೆ ಇಲ್ಲ.

ಅದಕ್ಕಿಂತ ದೊಡ್ಡ ವ್ಯತ್ಯಾಸ ಐಸಿಯಲ್ಲಿದೆ. 741ರ ಬದಲು ಟಿಎಲ್071 ಅದೇ ಬೇಸ್‌ಗೆ ಕೂರುತ್ತದೆ (ಟಿಎಲ್072 ಕೂರದು, ಅದರ ಪಿನ್‌ಗಳೇ ಬೇರೆ). ಗೇನ್ ಪೂರ್ತಿ ತಿರುಗಿಸಿದರೆ ಸಿಗ್ನಲ್ ಸುಮಾರು 214 ಪಟ್ಟು ಹಿಗ್ಗುತ್ತದೆ. 741ರ ಸಾಮರ್ಥ್ಯ (ಗೇನ್ ಮತ್ತು ಆವರ್ತನದ ಗುಣಲಬ್ಧ) 1 ಮೆಗಾಹರ್ಟ್ಸ್. 214ರಿಂದ ಭಾಗಿಸಿದರೆ ಉಳಿಯುವುದು 4.7 ಕಿಲೋಹರ್ಟ್ಸ್. ಅದರಾಚೆಯ ಕೀರಲು ತಾನಾಗಿ ಇಳಿಯುತ್ತದೆ. 3 ಮೆಗಾಹರ್ಟ್ಸ್‌ನ ಟಿಎಲ್071 ಅದೇ ಗೇನ್‌ನಲ್ಲಿ 14 ಕಿಲೋಹರ್ಟ್ಸ್‌ವರೆಗೂ ಹಾಯಿಸುತ್ತದೆ: ಸ್ಪಷ್ಟತೆ ಜಾಸ್ತಿ, ಹಿಸ್ ಶಬ್ದವೂ ಜಾಸ್ತಿ. 1 ಮೆಗಾಓಮ್ ಮೇಲೆ 33 ಪಿಕೋಫ್ಯಾರಡ್ ಕೂರಿಸಿದರೆ ಹೆಚ್ಚುಕಡಿಮೆ 741ರ ಮಿತಿಯೇ ಬರುತ್ತದೆ. ಆದರೆ ಗೇನ್ ಇಳಿಸಿದಾಗ 741 ತೆರೆದುಕೊಳ್ಳುತ್ತದೆ, ಈ ಕೆಪಾಸಿಟರ್ ತೆರೆದುಕೊಳ್ಳದು. ಮಂಕು ಹಾಗೇ ಉಳಿಯುತ್ತದೆ. 741ಗೇ ನಮ್ಮ ಮತ. ಐಸಿಯನ್ನು ದೂರುವ ಮೊದಲು ಒಮ್ಮೆ ಬ್ಯಾಟರಿಯಲ್ಲಿ ನುಡಿಸಿ ನೋಡಿ, ಅಗ್ಗದ ಅಡಾಪ್ಟರ್‌ನ ಗುಂಯ್‌ಗುಡುವಿಕೆಯೂ ಇರಬಹುದು. ಪೆಡಲ್‌ಗಳಿಗೆ ಸಾಮಾನ್ಯವಾಗಿ ನಡುವಿನ ಪಿನ್ ನೆಗೆಟಿವ್, ಅಂಗಡಿಯ ಅಡಾಪ್ಟರ್‌ಗಳಲ್ಲಿ ಹೆಚ್ಚಾಗಿ ಪಾಸಿಟಿವ್. ತಿರುಗಿಸಿ ಕೊಟ್ಟರೆ ಐಸಿ ಸುಡುತ್ತದೆ.

ಇನ್ನು 47 ನ್ಯಾನೋಫ್ಯಾರಡ್. ಕೈಯಲ್ಲಿ ಐದೇ ರೂಪಾಯಿ ಇದ್ದರೆ ಇದಕ್ಕೇ ಹಾಕಿ. ಪೂರ್ತಿ ಗೇನ್‌ನಲ್ಲಿ ಇದು 720 ಹರ್ಟ್ಸ್‌ನಿಂದ ಕೆಳಗೆ ಬಲ ಇಳಿಸುತ್ತಾ ಹೋಗುತ್ತದೆ; ದಪ್ಪ ತಂತಿಗಳು ಸೊರಗಿ ಪೆಡಲ್ ಮೂಗಿನಲ್ಲಿ ಹಾಡಿದಂತಾಗುವುದು ಅದಕ್ಕೇ. 473 (47 ನ್ಯಾನೋಫ್ಯಾರಡ್) ಎಂದು ಬರೆದದ್ದನ್ನು ತೆಗೆದು 104 (100 ನ್ಯಾನೋಫ್ಯಾರಡ್) ಹಾಕಿದರೆ ಮಿತಿ 340 ಹರ್ಟ್ಸ್‌ಗೆ ಇಳಿಯುತ್ತದೆ, ಮೈ ತುಂಬುತ್ತದೆ. 224 (220 ನ್ಯಾನೋಫ್ಯಾರಡ್) ಹಾಕಿದರೆ 154. ಹಂಬಕರ್ (ಜೋಡಿ ಸುರುಳಿಯ ಪಿಕಪ್) ಗಿಟಾರ್‌ಗೆ ಇದು ಅತಿಯಾಗಿ ಕಾರ್ಡ್‌ಗಳು ಕಲಸಿಹೋಗುತ್ತವೆ, ಒಂದೇ ಸುರುಳಿಯ ಸಿಂಗಲ್ ಕಾಯಿಲ್ ಪಿಕಪ್‌ಗೆ ಒಗ್ಗುತ್ತದೆ.

ಪಾಟ್ ಕೊಳ್ಳುವಾಗ ಬಿ500ಕೆ ಬೇಡ. ಅದು ಲೀನಿಯರ್ (ತಿರುಗಿಸಿದಷ್ಟೇ ಸಮನಾಗಿ ಬದಲಾಗುವಂಥದ್ದು), ಹತ್ತರಲ್ಲಿ ಒಂಬತ್ತು ಪಾಲು ತಿರುಗಿಸಿದರೂ ಗೇನ್ 19 ಪಟ್ಟು ಮಾತ್ರ, ಮಿಕ್ಕಿದ್ದೆಲ್ಲ ಕೊನೆಯ ಚೂರಿನಲ್ಲಿ. ಬೇಕಾದ ಸಿ500ಕೆ (ರಿವರ್ಸ್ ಲಾಗ್) ಸಿಗದಿದ್ದರೆ ಎ500ಕೆ (ಲಾಗ್) ತಂದು ಒಂದು ತುದಿಯ ಕಾಲಿನ ತಂತಿಯನ್ನು ಇನ್ನೊಂದು ತುದಿಯ ಕಾಲಿಗೆ ಬದಲಿಸಿ. ಗೇನ್ ಎಡಕ್ಕೆ ತಿರುಗಿಸಿದಾಗ ಏರುತ್ತದೆ, ಎರಡು ದಿನದಲ್ಲಿ ಕೈಗೆ ರೂಢಿಯಾಗುತ್ತದೆ.