ನೂಲಿಗೆ ಹುಳು: ಬೇವೋ, ಗುಳಿಗೆಯೋ, ಫ್ರೀಜರೋ?
ಕೊಪ್ಪಳದ ಪಕ್ಕದ ಭಾಗ್ಯನಗರದಂಥ ನೇಕಾರರ ಊರಿನಲ್ಲಿ ನೂಲು ಕೂಡಿಡುವವರು ಮೊದಲು ಶತ್ರುವನ್ನು ಗುರುತಿಸಬೇಕು. ಉಣ್ಣೆ, ರೇಷ್ಮೆಯನ್ನು ತಿನ್ನುವುದು ಪತಂಗವಲ್ಲ, ಅದರ ಮರಿಹುಳು. ಗಂಜಿ ಹಾಕಿದ ಹತ್ತಿಗೆ ಸಿಲ್ವರ್‌ಫಿಶ್ ಎಂಬ ಬೆಳ್ಳಿಬಣ್ಣದ ಪುಟ್ಟ ಹುಳುವಿನ ಕಾಟ.

ಬೇವಿನ ಸೊಪ್ಪು ಪುಕ್ಕಟೆ. ಆದರೆ ಒಳಗಿರುವ ಮೊಟ್ಟೆಯನ್ನು ಅದು ಕೊಲ್ಲುತ್ತದೆಂದು ನಂಬಬೇಡಿ. ಹಸಿಯಾಗಿಟ್ಟರೆ ಬೂಷ್ಟು ಬೇರೆ. ನ್ಯಾಫ್ತಲೀನ್ ಗುಳಿಗೆ ಬಿಗಿಯಾಗಿ ಮುಚ್ಚಿದ ಪೆಟ್ಟಿಗೆಯಲ್ಲಿ ಮಾತ್ರ ಫಲ ಕೊಡುತ್ತದೆ. ಮಕ್ಕಳು ನುಂಗಿದರೆ ಕೆಂಪು ರಕ್ತಕಣ ಒಡೆಯುವ ಅಪಾಯವಿದೆ. ಆ ವಾಸನೆಯಂತೂ ನನಗೆ ಬೇಡವೇ ಬೇಡ.

ನಾಲ್ಕಾರು ಲಡಿಗಳಷ್ಟೇ ಇದ್ದರೆ ನನ್ನ ಮತ ಫ್ರೀಜರಿಗೆ: ಗಾಳಿ ತೆಗೆದು ಕಟ್ಟಿದ ಪ್ಲಾಸ್ಟಿಕ್ ಚೀಲದಲ್ಲಿ, ಮೈನಸ್ 18 ಡಿಗ್ರಿಯಲ್ಲಿ, ಎರಡು ವಾರ. ಹೊರತೆಗೆದ ಕೂಡಲೇ ಬಿಚ್ಚಬೇಡಿ, ನೂಲಿಗೆ ತೇವ ಹಿಡಿಯುತ್ತದೆ. ಮೂಟೆಗಟ್ಟಲೆ ಇದ್ದರೆ ನಮ್ಮ ಏಪ್ರಿಲ್ ಬಿಸಿಲಿಗೆ ಹರವಿ, ಕೊಡವಿ. ಗಾಢ ಬಣ್ಣದವನ್ನು ಮಾತ್ರ ನೆರಳಿಗೆ ಬಿಡಿ.