ಹ್ಯಾವ್‌ಲಾಕೋ, ನೀಲೋ, ಹಟ್ ಬೇಯೋ? ಗೆಳೆಯರ ಗುಂಪಿಗೆ, ಕಡಿಮೆ ಖರ್ಚಿಗೆ

ಅಂಡಮಾನಿಗೆ ವಿಮಾನದ ಟಿಕೆಟ್ ಮಾಡಿಸಿದ ಮೇಲೆ ಎಲ್ಲರೂ ತಲೆ ಕೆಡಿಸಿಕೊಳ್ಳುವುದು ಒಂದೇ ವಿಷಯಕ್ಕೆ: ಹೆಚ್ಚು ರಾತ್ರಿ ಹ್ಯಾವ್‌ಲಾಕ್‌ನಲ್ಲಿ ಕಳೆಯೋಣವೋ, ನೀಲ್‌ನಲ್ಲೋ? ಗುಂಪಿನಲ್ಲಿ ಯಾರಾದರೊಬ್ಬರು ಲಿಟಲ್ ಅಂಡಮಾನ್ (ಹಟ್ ಬೇ ಇರುವುದು ಆ ದ್ವೀಪದಲ್ಲೇ) ಹೆಸರನ್ನೂ ಎತ್ತುತ್ತಾರೆ, ಅಲ್ಲಿಗೆ ಪ್ರವಾಸಿಗರು ಹೋಗುವುದೇ ಕಮ್ಮಿಯಂತೆ ಎಂದು. ಈ ಮೂರೂ ಕಡೆ ಗೆಳೆಯರ ಜೊತೆ ಇದ್ದು ಬಂದಿದ್ದೇನೆ. ಮೂರೂ ಕಡೆ ಕೈ ಬಿಗಿ ಹಿಡಿದೇ ಖರ್ಚು ಮಾಡಿದ್ದೇವೆ. ಹೋಗುವ ಮುಂಚೆ ಎಲ್ಲರೂ ರೂಮಿನ ಬಾಡಿಗೆಯನ್ನೇ ಹೋಲಿಸಿ ನೋಡುತ್ತಾರೆ. ನಾನು ಕಂಡಂತೆ ಜೇಬು ಎಷ್ಟು ಬರಿದಾಗುತ್ತದೆ ಅನ್ನುವುದನ್ನು ದ್ವೀಪದ ಅಳತೆಯೇ ತೀರ್ಮಾನಿಸುತ್ತದೆ.

ಮೊದಲು ಹೆಸರುಗಳನ್ನು ಹೇಳಿಬಿಡುತ್ತೇನೆ, ಟಿಕೆಟ್ ಮಾಡಿಸುವಾಗ ಗೊಂದಲ ಆಗಬಾರದು. 2018ರ ಡಿಸೆಂಬರ್‌ನಿಂದ ಹ್ಯಾವ್‌ಲಾಕ್ ಸ್ವರಾಜ್ ದ್ವೀಪ, ನೀಲ್ ಶಹೀದ್ ದ್ವೀಪ. 2024ರಲ್ಲಿ ಪೋರ್ಟ್ ಬ್ಲೇರ್ ಕೂಡ ಶ್ರೀ ವಿಜಯ ಪುರಂ ಆಯಿತು. ಬೋರ್ಡಿನಲ್ಲಿ, ಹಡಗಿನ ಟಿಕೆಟ್ಟಿನಲ್ಲಿ ಹೊಸ ಹೆಸರು ಕಾಣುತ್ತದೆ. ಜೆಟ್ಟಿಯಲ್ಲಿ, ಆಟೋದವರ ಬಾಯಲ್ಲಿ ಹಳೆಯದೇ ನಡೆಯುತ್ತದೆ. ಇಲ್ಲಿ ನಾನೂ ಹಳೆಯದನ್ನೇ ಬಳಸುತ್ತೇನೆ.

ಈಗ ಅಳತೆಗೆ ಬರೋಣ. ನೀಲ್ ಹದಿನಾಲ್ಕು ಚದರ ಕಿಲೋಮೀಟರ್ ಕೂಡ ಇಲ್ಲ. ಹ್ಯಾವ್‌ಲಾಕ್ ಸುಮಾರು 92. ಲಿಟಲ್ ಅಂಡಮಾನ್ 700 ದಾಟುತ್ತದೆ. ಕಾಗದದ ಮೇಲೆ ಇವು ಬರೀ ಅಂಕಿ. ಅಲ್ಲಿ ಇಳಿದ ಮೊದಲ ದಿನವೇ ಇವು ರೂಪಾಯಿ ಆಗುತ್ತವೆ.

ಹ್ಯಾವ್‌ಲಾಕ್‌ನಲ್ಲಿ ಜೆಟ್ಟಿ ಒಂದು ಮೂಲೆಗಿದೆ. ಎಲ್ಲರೂ ನೋಡಲೆಂದೇ ಬರುವ ರಾಧಾನಗರ ಬೀಚು ಅಲ್ಲಿಂದ ಹನ್ನೆರಡು ಕಿಲೋಮೀಟರ್ ದೂರ, ದ್ವೀಪದ ಪಶ್ಚಿಮ ದಂಡೆಯಲ್ಲಿ. ಸಾಮಾನ್ಯರ ಕೈಗೆಟಕುವ ರೂಮುಗಳು ಹೆಚ್ಚಾಗಿ ಪೂರ್ವ ದಂಡೆಯ ಗೋವಿಂದ ನಗರ, ವಿಜಯ ನಗರದ ಕಡೆ. ಎಲಿಫೆಂಟ್ ಬೀಚಿಗೆ ವಾಹನ ಹೋಗುವ ರಸ್ತೆಯೇ ಇಲ್ಲ. ದೋಣಿಯಲ್ಲಿ ಹೋಗಬೇಕು, ಇಲ್ಲವೇ ದಾರಿ ತೆರೆದಿದ್ದರೆ ಕಾಡಿನ ನಡುವೆ ನಡೆಯಬೇಕು. ಹಾಗಾಗಿ ಬೆಳಿಗ್ಗೆ ಎದ್ದ ತಕ್ಷಣ ಗುಂಪಿನಲ್ಲಿ ಚರ್ಚೆ ಶುರು: ಎಲ್ಲಿಗೆ, ಯಾವಾಗ, ಯಾವುದರಲ್ಲಿ? ಒಬ್ಬರಿಗೆ ಸ್ನಾರ್ಕೆಲಿಂಗ್ ಆಸೆ, ಇನ್ನೊಬ್ಬರಿಗೆ ಮರದ ನೆರಳಲ್ಲಿ ಮಲಗುವ ಆಸೆ. ಟ್ಯಾಕ್ಸಿ ಹಂಚಿಕೊಂಡರೆ ಎಲ್ಲರೂ ಒಂದೇ ಕಡೆ ಹೋಗಲೇಬೇಕು, ಹಂಚಿಕೊಳ್ಳದಿದ್ದರೆ ದುಡ್ಡು ನೀರಾಗಿ ಹರಿಯುತ್ತದೆ. ಜೆಟ್ಟಿಯಿಂದ ರಾಧಾನಗರಕ್ಕೆ ಸರ್ಕಾರಿ ಬಸ್ಸಿದೆ, ಚಿಲ್ಲರೆ ದುಡ್ಡಿಗೆ ಹೋಗಿಬರಬಹುದು. ಆದರೆ ಟ್ರಿಪ್ಪು ಕಮ್ಮಿ, ಸೂರ್ಯಾಸ್ತ ನೋಡಿಕೊಂಡು ವಾಪಸಾಗುವಾಗ ಅದು ಸಿಗುತ್ತದೆಂದು ನಂಬಿ ಕೂರುವಂತಿಲ್ಲ. ನಮಗೆ ಕೊನೆಗೆ ಒಗ್ಗಿದ್ದು ಬಾಡಿಗೆ ಸ್ಕೂಟರ್. ದಿನಕ್ಕೆ ಐನೂರರ ಆಸುಪಾಸು, ಪೆಟ್ರೋಲ್ ನಮ್ಮದು. ಮೂಲ ಡ್ರೈವಿಂಗ್ ಲೈಸೆನ್ಸ್ ಜೊತೆಗಿರಲಿ.

ನೀಲ್‌ನಲ್ಲಿ ಈ ಚರ್ಚೆಯೇ ಹುಟ್ಟುವುದಿಲ್ಲ. ಸೈಕಲ್ ಹತ್ತಿದರೆ ದ್ವೀಪದ ಈ ತುದಿಯಿಂದ ಆ ತುದಿಗೆ ಅರ್ಧ ಗಂಟೆಯ ಹಾದಿ, ಅದೂ ಗದ್ದೆ, ಬಾಳೆತೋಟ, ಅಡಿಕೆ ಮರಗಳ ನಡುವೆ. ಸೂರ್ಯೋದಯಕ್ಕೆ ಸೀತಾಪುರ, ಸೂರ್ಯಾಸ್ತಕ್ಕೆ ಲಕ್ಷ್ಮಣಪುರ, ಜೆಟ್ಟಿಗೆ ಅಂಟಿಕೊಂಡೇ ಭರತಪುರ. ನಮ್ಮಲ್ಲಿ ಇಬ್ಬರು ಬೆಳಗಿನ ಜಾವ ಸೀತಾಪುರಕ್ಕೆ ಹೋದರು, ಒಬ್ಬಳು ಮಧ್ಯಾಹ್ನದವರೆಗೂ ಪುಸ್ತಕ ಹಿಡಿದು ಜೋಕಾಲಿಯಲ್ಲಿ ಮಲಗಿದ್ದಳು, ಉಳಿದವರು ಬಜಾರಿನಲ್ಲಿ ಚಹಾ ಕುಡಿಯುತ್ತ ಕೂತೆವು. ಯಾರೂ ಯಾರಿಗಾಗಿಯೂ ಕಾಯಲಿಲ್ಲ. ಊಟದ ಹೊತ್ತಿಗೆ ಎಲ್ಲರೂ ತಾವಾಗಿಯೇ ಒಂದೇ ಹೋಟೆಲಿನ ಮುಂದೆ ಬಂದು ಸೇರಿದೆವು, ಏಕೆಂದರೆ ಆ ಊರಿನಲ್ಲಿ ಹೋಗಲು ಬೇರೆ ಕಡೆ ಇರಲಿಲ್ಲ. ಗೆಳೆಯರ ಪ್ರವಾಸ ಕೆಡುವುದು ದುಡ್ಡಿನ ವಿಷಯಕ್ಕಿಂತ ಹೆಚ್ಚಾಗಿ ಈ ಕಾಯುವಿಕೆ, ಹೊಂದಾಣಿಕೆಯ ವಿಷಯಕ್ಕೆ. ಅದಕ್ಕೇ ನನಗೆ ನೀಲ್ ಮೇಲೆ ಇಷ್ಟು ಪ್ರೀತಿ.

ರೂಮು, ಊಟದ ಲೆಕ್ಕವೂ ನೀಲ್ ಕಡೆಗೇ ವಾಲುತ್ತದೆ. ಬಿದಿರಿನ ಗುಡಿಸಲು, ಫ್ಯಾನು, ಸೊಳ್ಳೆಪರದೆ, ಜೊತೆಗೇ ಬಾತ್‌ರೂಮು: ಇಷ್ಟಕ್ಕೆ ಸೀಸನ್ನಿನಲ್ಲಿ ನಮಗೆ ಸಾವಿರ ಚಿಲ್ಲರೆ ಆಯಿತು. ಅಂಥದ್ದೇ ಗುಡಿಸಲಿಗೆ ಹ್ಯಾವ್‌ಲಾಕ್‌ನಲ್ಲಿ ಹೆಚ್ಚುಕಮ್ಮಿ ಎರಡರಷ್ಟು ಕೇಳಿದರು. ನೀಲ್‌ನಲ್ಲಿ ನೆಲೆಸಿದವರು ಬಹುಪಾಲು ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದ ಕುಟುಂಬಗಳವರು, ಒಳ್ಳೆಯ ಬೇಸಾಯಗಾರರು. ಪೋರ್ಟ್ ಬ್ಲೇರಿನ ಮಾರುಕಟ್ಟೆಗೂ ಇಲ್ಲಿಂದ ತರಕಾರಿ ಹೋಗುತ್ತದೆ. ನಮ್ಮ ಗುಂಪಿನ ಸಸ್ಯಾಹಾರಿಗಳಿಗೆ ಇದು ದೊಡ್ಡ ನೆಮ್ಮದಿ ಆಯಿತು. ಬಜಾರಿನ ಸಣ್ಣ ಹೋಟೆಲಿನಲ್ಲಿ ಅನ್ನ, ಬೇಳೆ, ಬದನೆಕಾಯಿ ಬಜ್ಜಿ, ಅಂದೇ ಕಿತ್ತ ಹರಿವೆಯಂಥ ಸೊಪ್ಪಿನ ಪಲ್ಯ. ಮೀನು ತಿನ್ನುವವರಿಗೆ ಸಾಸಿವೆ ಅರೆದು ಮಾಡಿದ ಸಾರು. ಹ್ಯಾವ್‌ಲಾಕ್‌ನಲ್ಲೂ ಬಜಾರಿಗೆ ಹೋದರೆ ಇಂಥ ಊಟ ಸಿಗುತ್ತದೆ. ಆದರೆ ರೂಮು ಬಜಾರಿನಿಂದ ದೂರ ಇರುತ್ತದೆ, ರಾತ್ರಿ ಯಾರೂ ಹೊರಡುವ ಮನಸ್ಸು ಮಾಡುವುದಿಲ್ಲ. ರೆಸಾರ್ಟಿನಲ್ಲೇ ತಿಂದರೆ ಬಿಲ್ಲು ಎಲ್ಲಿಗೋ ಹೋಗುತ್ತದೆ.

ಇಷ್ಟು ಹೇಳಿದ ಮೇಲೆ ಸಮುದ್ರದ ಮಾತಿಗೆ ಬರಬೇಕು. ಇಲ್ಲಿ ಹ್ಯಾವ್‌ಲಾಕ್ ಗೆಲ್ಲುತ್ತದೆ, ಅದೂ ಸುಲಭವಾಗಿ.

ರಾಧಾನಗರದಲ್ಲಿ ನೀರಿಗೆ ಇಳಿದರೆ ಕಾಲಿಗೆ ಬರೀ ಮರಳು. ಕಲ್ಲಿಲ್ಲ, ಹವಳದ ಚೂರಿಲ್ಲ. ಸೊಂಟದ ಮಟ್ಟದ ನೀರಿನಲ್ಲಿ ಬಹು ದೂರ ನಡೆಯಬಹುದು, ಅಲೆ ಮೈಯನ್ನು ಎತ್ತಿ ಇಳಿಸುತ್ತಿರುತ್ತದೆ. 2020ರಲ್ಲಿ ನಮ್ಮ ಕಾಸರಕೋಡು, ಪಡುಬಿದ್ರಿಗಳ ಜೊತೆಗೇ ಇದಕ್ಕೂ ಸ್ವಚ್ಛ, ಸುರಕ್ಷಿತ ಬೀಚುಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮನ್ನಣೆ ಬಂತು. ಜೀವರಕ್ಷಕರಿದ್ದಾರೆ, ಬಟ್ಟೆ ಬದಲಿಸಲು ಜಾಗ ಇದೆ. ಮೊಸಳೆಯ ಎಚ್ಚರಿಕೆ ಇರುವ ಕಡೆ ಮಾತ್ರ ಇಳಿಯಲೇಬೇಡಿ. ಅಂಡಮಾನಿನ ಹಿನ್ನೀರುಗಳಲ್ಲಿ ಉಪ್ಪುನೀರಿನ ಮೊಸಳೆಗಳಿವೆ, 2010ರಲ್ಲಿ ಇದೇ ಬೀಚಿನ ಒಂದು ಬದಿಯಲ್ಲಿ ವಿದೇಶಿ ಪ್ರವಾಸಿಯೊಬ್ಬರು ಮೊಸಳೆಗೆ ಬಲಿಯಾದರು. ಜೀವರಕ್ಷಕರು ತೋರಿಸಿದ ಜಾಗದಲ್ಲಿ ಎಷ್ಟು ಹೊತ್ತು ಬೇಕಾದರೂ ಈಜಬಹುದು. ಆದರೆ ಡಿಸೆಂಬರಿನಲ್ಲಿ ಸಂಜೆ ಐದಕ್ಕೆಲ್ಲ ಸೂರ್ಯ ಮುಳುಗಿಬಿಡುತ್ತಾನೆ, ಗಡಿಯಾರ ಭಾರತದ್ದೇ ಆದರೂ ದ್ವೀಪ ಅಷ್ಟು ಪೂರ್ವಕ್ಕಿದೆ. ಮಧ್ಯಾಹ್ನ ಊಟ ಮುಗಿಸಿ ಸ್ವಲ್ಪ ಮಲಗಿ ಹೊರಡೋಣ ಅಂದರೆ ದಿನವೇ ಮುಗಿದಿರುತ್ತದೆ.

ನೀಲ್‌ನಲ್ಲಿ ಈಜುವುದು ಉಬ್ಬರವಿಳಿತದ ಮರ್ಜಿ. ಭರತಪುರದಲ್ಲಿ ಉಬ್ಬರವಿದ್ದಾಗ ಹಸಿರು ಗಾಜಿನಂಥ ನೀರು, ಆಳವಿಲ್ಲ, ಈಜು ಬಾರದವರಿಗೂ ಹಿತ. ಇಳಿತಕ್ಕೆ ನೀರು ಹಿಂದೆ ಸರಿದು ಹವಳದ ಬಂಡೆಗಳೇ ಮೇಲೆ ಕಾಣುತ್ತವೆ. ಆಗ ಇಳಿದರೆ ಕಾಲು ಕುಯ್ಯುತ್ತದೆ, ಹವಳವೂ ಸಾಯುತ್ತದೆ. ಲಕ್ಷ್ಮಣಪುರದ ದಂಡೆಯ ತುಂಬ ಸತ್ತ ಹವಳದ ಚೂರು, ಬರಿಗಾಲಲ್ಲಿ ನಡೆಯುವುದೇ ಕಷ್ಟ. ಸೀತಾಪುರದಲ್ಲಿ ಅಲೆ ಜೋರು. ಉಬ್ಬರದ ಹೊತ್ತು ದಿನದಿಂದ ದಿನಕ್ಕೆ ಮುಕ್ಕಾಲು ಗಂಟೆಗಿಂತ ತುಸು ಹೆಚ್ಚು ಮುಂದಕ್ಕೆ ಹೋಗುತ್ತದೆ. ಹಾಗಾಗಿ ನಿನ್ನೆ ಈಜಿದ ಸಮಯಕ್ಕೇ ಇವತ್ತೂ ಈಜಬಹುದು ಅಂದುಕೊಳ್ಳುವಂತಿಲ್ಲ. ರೂಮಿನವರನ್ನು ಕೇಳಿದರೆ ಅವತ್ತಿನ ಹೊತ್ತು ಬಾಯಿಪಾಠ ಹೇಳುತ್ತಾರೆ.

ಆದರೆ ಅದೇ ಇಳಿತ ನೀಲ್‌ನ ಅತಿ ದೊಡ್ಡ ಬಿಟ್ಟಿ ಸಂಪತ್ತನ್ನೂ ತೆರೆದಿಡುತ್ತದೆ. ಲಕ್ಷ್ಮಣಪುರದ ಇನ್ನೊಂದು ಬದಿಯಲ್ಲಿ, ಸ್ಥಳೀಯರು ಹೌರಾ ಬ್ರಿಡ್ಜ್ ಎನ್ನುವ ಕಲ್ಲಿನ ಕಮಾನು ಇದೆ. ನೀರು ಇಳಿದಾಗ ಮಾತ್ರ ಅದರ ಬುಡಕ್ಕೆ ಹೋಗಲು ಸಾಧ್ಯ. ಎಲ್ಲರೂ ಕಮಾನಿನ ಕೆಳಗೆ ನಿಂತು ಫೋಟೋ ತೆಗೆದು ಹೊರಟುಬಿಡುತ್ತಾರೆ. ನೀವು ದಯವಿಟ್ಟು ಹಾಗೆ ಮಾಡಬೇಡಿ, ಬಗ್ಗಿ ಕೂತು ನೋಡಿ. ಬಂಡೆಯ ಗುಂಡಿಗಳಲ್ಲಿ ಬಕೆಟ್ಟಿನಷ್ಟು ನೀರು ನಿಂತಿರುತ್ತದೆ. ಮೊದಲಿಗೆ ಅದರಲ್ಲಿ ಏನೂ ಇಲ್ಲ ಅನ್ನಿಸುತ್ತದೆ. ಎರಡು ನಿಮಿಷ ಅಲುಗಾಡದೆ ಕೂತರೆ ಕಲ್ಲೆಂದುಕೊಂಡದ್ದು ಕಾಲು ಚಾಚಿ ಏಡಿಯಾಗುತ್ತದೆ. ಕಪ್ಪು ಹಗ್ಗದಂತೆ ಬಿದ್ದಿದ್ದ ಸಮುದ್ರಸೌತೆ ಎಂಬ ಜೀವಿ ಮೆಲ್ಲಗೆ ಮರಳು ನುಂಗುತ್ತ ಸಾಗುತ್ತದೆ. ಬಂಡೆಯ ಸಂದಿಯಲ್ಲಿ ಹುದುಗಿದ ಚಿಪ್ಪಿನ ನೀಲಿ ಅಂಚು, ನಮ್ಮ ನೆರಳು ಬಿದ್ದ ಕೂಡಲೇ ಪಟ್ಟನೆ ಮುಚ್ಚಿಕೊಳ್ಳುತ್ತದೆ. ಇದನ್ನು ತೋರಿಸಲು ಊರಿನ ಹುಡುಗರು ಸಿಗುತ್ತಾರೆ, ಕೊಟ್ಟ ದುಡ್ಡಿಗೆ ಮೋಸವಿಲ್ಲ. ಪ್ರಾಣಿಗಳನ್ನು ಕೈಗೆತ್ತಿ ಕೊಡುವುದು ಬೇಡ ಎಂದು ಮೊದಲೇ ಹೇಳಿಬಿಡಿ. ನಮ್ಮ ಗುಂಪು ಅಲ್ಲಿಂದ ಎದ್ದದ್ದು ನೀರು ಮತ್ತೆ ಪಾದಕ್ಕೆ ಬಂದಾಗ.

ನೀರಿನ ಒಳಗಿನದು ನೋಡಬೇಕೆಂದರೆ ಮತ್ತೆ ಹ್ಯಾವ್‌ಲಾಕ್‌ಗೇ ಹೋಗಬೇಕು. ನೀಲ್‌ನಲ್ಲೂ ಸ್ಕೂಬಾ, ಅಂದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನಾಳಕ್ಕೆ ಇಳಿಯುವುದು, ಇದೆ. ಆದರೆ ಹ್ಯಾವ್‌ಲಾಕ್‌ನಲ್ಲಿ ಡೈವಿಂಗ್ ಶಾಲೆಗಳು ಹೆಚ್ಚು, ಮೊದಲ ಬಾರಿ ಇಳಿಯುವವರಿಗೆ ಹೇಳಿಕೊಡುವ ಅಭ್ಯಾಸವೂ ಹೆಚ್ಚು. ನಾವು ಮಾಡಿದ ಒಂದು ಡೈವಿಗೆ ತಲೆಗೆ ನಾಲ್ಕು ಸಾವಿರದ ಒಳಗೆ ಆಯಿತು. ಬಜೆಟ್ ಪ್ರವಾಸದಲ್ಲಿ ಇದು ದೊಡ್ಡ ಮೊತ್ತವೇ. ಆದರೂ ಬೇರೆಲ್ಲ ಕಡೆ ಉಳಿಸಿ ಇಲ್ಲಿ ಖರ್ಚು ಮಾಡಿ ಎಂದೇ ನಾನು ಹೇಳುತ್ತೇನೆ. ಗಾಜಿನ ತಳದ ದೋಣಿ, ಜೆಟ್ ಸ್ಕೀ, ಬನಾನಾ ರೈಡ್ ಇವನ್ನೆಲ್ಲ ಬಿಟ್ಟರೂ ನಷ್ಟವಿಲ್ಲ. ಬಿಟ್ಟ ದುಡ್ಡೆಲ್ಲ ಸೇರಿದರೆ ಒಂದು ಡೈವು ಆಗುತ್ತದೆ.

ಇನ್ನು ಲಿಟಲ್ ಅಂಡಮಾನ್. ಪೋರ್ಟ್ ಬ್ಲೇರಿನಿಂದ ದಕ್ಷಿಣಕ್ಕೆ ಸುಮಾರು 120 ಕಿಲೋಮೀಟರ್, ಸರ್ಕಾರಿ ಹಡಗಿನಲ್ಲಿ ಆರೆಂಟು ಗಂಟೆ. ಹಡಗು ಮುಟ್ಟುವುದು ಹಟ್ ಬೇ ಎಂಬ ಊರಿಗೆ. ಟಿಕೆಟ್ ಅಗ್ಗ, ರೂಮು ಅಗ್ಗ, ಊಟ ಇನ್ನೂ ಅಗ್ಗ. ಬಟ್ಲರ್ ಬೇಯ ಉದ್ದನೆಯ ದಂಡೆಯಲ್ಲಿ ನಮ್ಮ ಗುಂಪು ಬಿಟ್ಟರೆ ಒಂದಿಬ್ಬರು ಸರ್ಫಿಂಗಿನವರು, ಅಷ್ಟೇ. ಶಾಂತಿಯೇ ಅಳತೆಗೋಲಾದರೆ ಮೂರರಲ್ಲಿ ಇದೇ ಮೊದಲು. ಆದರೆ ಅಗ್ಗದ ಲೆಕ್ಕ ಇಲ್ಲಿ ಬೇರೆ ದಾರಿಯಲ್ಲಿ ತಪ್ಪುತ್ತದೆ. ಹೋಗಲು ಒಂದು ದಿನ, ಬರಲು ಒಂದು ದಿನ, ಸಮುದ್ರ ಕೆರಳಿದರೆ ಹಡಗು ಯಾವಾಗ ಹೊರಡುತ್ತದೋ ಹೇಳುವವರಿಲ್ಲ. ಅಲ್ಲಿಯೂ ದೂರಗಳು ದೊಡ್ಡವು, ಬಟ್ಲರ್ ಬೇ ಜೆಟ್ಟಿಯಿಂದ ಹದಿನಾಲ್ಕು ಕಿಲೋಮೀಟರ್. ದ್ವೀಪದ ಬಹುಭಾಗ ಓಂಗೆ ಎಂಬ ಆದಿವಾಸಿ ಜನರಿಗೆ ಮೀಸಲು, 1956ರ ಕಾನೂನಿನ ಪ್ರಕಾರ ಅಲ್ಲಿಗೆ ಹೊರಗಿನವರು ಕಾಲಿಡುವಂತಿಲ್ಲ. ನೂರರ ಆಸುಪಾಸು ಉಳಿದಿರುವ ಒಂದು ಸಮುದಾಯ ಅದು. ಆ ಗಡಿಯನ್ನು ಗೌರವಿಸದ ಪ್ರವಾಸ ಬೇಡವೇ ಬೇಡ. ಒಂದು ವಾರದ ರಜೆ ಇಟ್ಟುಕೊಂಡು ಬರುವ ಕೆಲಸದವರಿಗೆ ಹಟ್ ಬೇ ಹೊಂದುವುದಿಲ್ಲ. ರಜೆಗೆ ಗಡಿಯಿಲ್ಲದ ಗೆಳೆಯರಿದ್ದರೆ ಬೇರೆಲ್ಲ ಬಿಟ್ಟು ಅಲ್ಲಿಗೇ ಹೋಗಿ.

ಫೋನಿನ ಬಗ್ಗೆ ಎರಡು ಮಾತು. 2020ರಲ್ಲಿ ಚೆನ್ನೈಯಿಂದ ಸಮುದ್ರದೊಳಗಿನ ಕೇಬಲ್ ಬಂದ ಮೇಲೆ ಪರಿಸ್ಥಿತಿ ಎಷ್ಟೋ ಸುಧಾರಿಸಿದೆ, ಹ್ಯಾವ್‌ಲಾಕ್‌ಗೂ ಲಿಟಲ್ ಅಂಡಮಾನ್‌ಗೂ ಆ ಕೇಬಲ್ ಮುಟ್ಟುತ್ತದೆ. ನೀಲ್‌ನಲ್ಲಿ ಮಾತ್ರ ನಮ್ಮ ಫೋನುಗಳು ತೀರಾ ನಿಧಾನವಿದ್ದವು, ಯುಪಿಐ ಅರ್ಧಕ್ಕೆ ನಿಲ್ಲುತ್ತಿತ್ತು. ನಗದನ್ನು ಪೋರ್ಟ್ ಬ್ಲೇರಿನಲ್ಲೇ ತೆಗೆದಿಟ್ಟುಕೊಳ್ಳಿ. ಮೂರೂ ಕಡೆ ಮರಳುನೊಣದ ಕಾಟ ಇದೆ, ಸಂಜೆ ದಂಡೆಯಲ್ಲಿ ಕೂರುವಾಗ ಕಾಲಿಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳಿ.

ನಾಲ್ಕೈದು ರಾತ್ರಿ ಇರುವ ಗುಂಪಿಗೆ ನನ್ನ ಹಂಚಿಕೆ ಹೀಗಿದೆ: ಮೊದಲು ಹ್ಯಾವ್‌ಲಾಕ್, ಅಲ್ಲಿ ಒಂದು ಡೈವು ಮತ್ತು ರಾಧಾನಗರ, ಅಷ್ಟಕ್ಕೇ ಸಾಕು. ಕೊನೆಯದೊಂದನ್ನು ಬಿಟ್ಟು ಉಳಿದ ರಾತ್ರಿಗಳೆಲ್ಲ ನೀಲ್‌ನಲ್ಲಿ. ಈ ಕ್ರಮಕ್ಕೆ ಕಾರಣವಿದೆ. ಸ್ಕೂಬಾ ಮಾಡಿದ ಮೇಲೆ ಕನಿಷ್ಠ 18 ಗಂಟೆ, ಎಷ್ಟೋ ಶಾಲೆಗಳವರು ಹೇಳುವಂತೆ 24 ಗಂಟೆ ವಿಮಾನ ಹತ್ತಬಾರದು. ಮೈಯಲ್ಲಿ ಸೇರಿದ ನೈಟ್ರೋಜನ್ ಹೊರಹೋಗಲು ಸಮಯ ಬೇಕು. ಡೈವು ಮೊದಲೇ ಮುಗಿದಿದ್ದರೆ ಈ ಚಿಂತೆ ಇರುವುದಿಲ್ಲ. ಪೋರ್ಟ್ ಬ್ಲೇರಿನಿಂದ ಈ ಎರಡು ದ್ವೀಪಗಳಿಗೆ ಸರ್ಕಾರಿ ಹಡಗು ಎರಡು ಎರಡೂವರೆ ಗಂಟೆ ತೆಗೆದುಕೊಳ್ಳುತ್ತದೆ, ಟಿಕೆಟ್ ಕೆಲವೇ ನೂರು ರೂಪಾಯಿ, ಡೆಕ್ಕಿನ ಮೇಲೆ ಗಾಳಿಗೆ ನಿಲ್ಲಬಹುದು. ಖಾಸಗಿ ಹಡಗು ಒಂದೂವರೆ ಗಂಟೆಯಲ್ಲಿ ಮುಟ್ಟಿಸುತ್ತದೆ, ತಲೆಗೆ ಸಾವಿರ ದಾಟುತ್ತದೆ, ಬಹುತೇಕ ಮುಚ್ಚಿದ ಎಸಿ ಕೋಣೆ. ಸರ್ಕಾರಿ ಟಿಕೆಟ್ ಬೇಗ ಖಾಲಿಯಾಗುತ್ತದೆ, ಮಾರಾಟ ಶುರುವಾದ ದಿನವೇ ಕೂತು ಮಾಡಿಸಿ. ಹವಾಮಾನ ಕೆಟ್ಟರೆ ಎರಡೂ ನಿಲ್ಲುತ್ತವೆ. ಹಾಗಾಗಿ ಮನೆಗೆ ಹೊರಡುವ ಹಿಂದಿನ ರಾತ್ರಿ ನೀಲ್ ಎಷ್ಟೇ ಎಳೆದರೂ ಪೋರ್ಟ್ ಬ್ಲೇರಿನಲ್ಲೇ ಇರಿ. ಚೀಲದಲ್ಲಿ ಹವಳ, ಚಿಪ್ಪು ಇಟ್ಟುಕೊಳ್ಳಬೇಡಿ, ವಿಮಾನ ನಿಲ್ದಾಣದಲ್ಲಿ ತಪಾಸಣೆ ಮಾಡಿ ತೆಗೆಸುತ್ತಾರೆ.