ನಲ್ಲಿ ವಾಷರ್ ಕಿಟ್: ವಾಷರ್ ಚಿನ್ನ, ಟೇಪ್ ಬೇಡ

ಅಡುಗೆಮನೆ ನಲ್ಲಿಯನ್ನು ಎಷ್ಟು ಬಿಗಿಯಾಗಿ ತಿರುಗಿಸಿದರೂ ತೊಟ್ಟಿಕ್ಕುತ್ತಲೇ ಇತ್ತು. ಸೆಕೆಂಡಿಗೊಂದು ಹನಿ ಅಂದರೆ ದಿನಕ್ಕೆ 86,400 ಹನಿ, ಹತ್ತಿರಹತ್ತಿರ 20 ಲೀಟರ್ ನೀರು ಸುಮ್ನೆ ಚರಂಡಿಗೆ. ಹೊಟ್ಟೆ ಉರಿಯುತ್ತೆ ಅಲ್ವಾ? ಅದಕ್ಕೇ ಬೇರೆ ಬೇರೆ ಅಳತೆಯ ರಬ್ಬರ್ ವಾಷರ್, ಓ ರಿಂಗ್, ಒಂದು ಸುರುಳಿ ಟೆಫ್ಲಾನ್ ಟೇಪ್ ಇರುವ ಈ ಡಬ್ಬಿ ತಂದೆ.

ಮೊದಲು ನೀರಿನ ವಾಲ್ವ್ ಬಂದ್ ಮಾಡಿ, ಸಣ್ಣ ಸ್ಕ್ರೂ ಒಳಗೆ ಬೀಳದ ಹಾಗೆ ಸಿಂಕಿನ ತೂತಿಗೆ ಬಟ್ಟೆ ತುರುಕಿ, ಹಿಡಿ ಬಿಚ್ಚಿ, ಸ್ಪ್ಯಾನರ್ ಹಾಕಿ ಸ್ಪಿಂಡಲ್ (ಹಿಡಿಯ ಜೊತೆ ತಿರುಗುವ, ತುದಿಯಲ್ಲಿ ವಾಷರ್ ಇರುವ ಕಡ್ಡಿ) ಹೊರಗೆ ತೆಗೆದೆ. ಹಳೇ ವಾಷರ್ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಅದರ ಮುಖದ ಮೇಲೆ ಬಳೆ ಒತ್ತಿದಂಥ ದುಂಡನೆ ಗುರುತು. ನೀರು ಜಾರುತ್ತಿದ್ದದ್ದು ಅಲ್ಲೇ. ಎರಡನ್ನೂ ಪಕ್ಕದಲ್ಲಿಟ್ಟು ಅಳತೆ ನೋಡಿ ಹೊಸದನ್ನು ಕೂರಿಸಿದೆ, ಹನಿ ಪೂರ್ತಿ ನಿಂತಿತು.

ವಾಷರ್ ಬಗ್ಗೆ ಎರಡು ಮಾತಿಲ್ಲ. ಮೆತ್ತಗಿದೆ, ಅಂಚು ನೀಟಾಗಿದೆ. ಟೇಪ್ ಮಾತ್ರ ತೀರಾ ತೆಳು. ಶವರ್ ಕೊಳವೆಯ ಥ್ರೆಡ್ಡಿಗೆ ಸುತ್ತಲು ಹೋದರೆ ಅರ್ಧಕ್ಕೇ ಹರಿಯಿತು, ಬೇರೆ ಟೇಪ್ ತರಬೇಕಾಯಿತು. (ಯಾವ ಟೇಪ್ ಆದರೂ ಬಿಗಿಯುವ ದಿಕ್ಕಿನಲ್ಲೇ ಸುತ್ತಿ, ಇಲ್ಲದಿದ್ದರೆ ಬಿಚ್ಚಿಕೊಳ್ಳುತ್ತದೆ.)

ಡಬ್ಬಿಯ ಮೇಲೆ ಬರೆಯಲೇಬೇಕಿದ್ದ ಒಂದು ವಿಷಯ ಬರೆದಿಲ್ಲ, ಅದೇ ನನಗೆ ಜಾಸ್ತಿ ಬೇಸರ. ಕಾಲು ಸುತ್ತಿಗೇ ತೆರೆದುಕೊಳ್ಳುವ ಈಗಿನ ನಲ್ಲಿಗಳಲ್ಲಿ ಸಾಮಾನ್ಯವಾಗಿ ರಬ್ಬರ್ ವಾಷರ್ ಬದಲು ಸೆರಾಮಿಕ್ ಕಾರ್ಟ್ರಿಜ್ (ಪಿಂಗಾಣಿ ಬಿಲ್ಲೆಗಳಿಂದ ನೀರು ತಡೆಯುವ ಭಾಗ) ಇರುತ್ತದೆ, ಅವಕ್ಕೆ ಈ ವಾಷರ್ ಆಗುವುದಿಲ್ಲ. ನಾಲ್ಕೈದು ಸುತ್ತು ತಿರುಗಿಸುವ ಹಳೇ ನಲ್ಲಿ ನಿಮ್ಮದಾದರೆ ಕಣ್ಣುಮುಚ್ಚಿ ತಗೊಳ್ಳಿ. ಐದಕ್ಕೆ ನಾಲ್ಕು.